ಮೂರನೇ ಡೈನಮೋ

ಶ್ರಾವಣದ ಜಿಟಿಜಿಟಿ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಗೋಪನಕೊಪ್ಪದ ರಸ್ತೆಬದಿಯ ತಗಡಿನ ಅಂಗಡಿಯಲ್ಲಿ ಎಲೆಕ್ಟ್ರಿಷಿಯನ್ ಬಂದೇನವಾಜ ಟ್ರ್ಯಾಕ್ಟರಿನ ಸೆಲ್ಫ್ ಸ್ಟಾರ್ಟರು ಬಿಚ್ಚಿಕೊಂಡು ಕೂತಿದ್ದ. ಬೀರಲಿಂಗಪ್ಪ ತನ್ನ ಲಾರಿಯಿಂದ ಕಳಚಿ ತಂದ ಡೈನಮೋವನ್ನು ಬೆಂಚಿನ ಮೇಲೆ ಕುಕ್ಕಿದ.

"ಮತ್ತ ಸತ್ತೈತಿ. ಬ್ಯಾಟ್ರಿ ಇಳದು, ಮೆಣಸಿನಕಾಯಿ ಲೋಡ್ ಹೊತ್ಕೊಂಡು ಬೆಳಗಾಂವ ಹಾದ್ಯಾಗ ನಿಂತಿದ್ನಿ. ಉಗಾದಿಯಿಂದ ಇದು ಮೂರನೇದು. ಡೂಪ್ಲಿಕೇಟ್ ಮಾಲ ಹಾಕಿ ಒರಿಜಿನಲ್ ಅಂತೀಯೇನಲೇ, ಕಳ್ಳಾ?"

ಎದುರಿನ ಚಹಾದಂಗಡಿಯ ಮುಂದೆ ನಿಂತವರೆಲ್ಲ ತಿರುಗಿದರು. ಅರ್ಧ ಜನ ಲಾರಿಯವರೇ, ಬಂದೇನವಾಜನ ಗಿರಾಕಿಗಳೇ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಇಡದಿದ್ದರೆ ಎಸೆದುಬಿಡುತ್ತಿದ್ದ.

"ಬಾಯಿಗೆ ಬಂದಂಗ ಅನಬ್ಯಾಡ್ರಿ ಕಾಕಾ. ಎಂಟು ಲಕ್ಷ ಕಿಲೋಮೀಟರ್ ಓಡಿದ ಗಾಡಿ ಅದು."

"ಹಳೇ ಗಾಡಿ ನುಂಗತೈತೇನ ಹೊಸಾ ಡೈನಮೋನ?"

ಹಿಂದಿನ ಎರಡನ್ನೂ ಗ್ಯಾರಂಟಿಯಿದೆಯೆಂದು ಬಂದೇನವಾಜ ಬಿಚ್ಚದೆಯೇ ಕಂಪನಿಗೆ ಕಳಿಸಿದ್ದ. ಇದನ್ನು ಅಲ್ಲೇ ಬಿಚ್ಚಿದ. ಕಾರ್ಬನ್ ಬ್ರಷ್ ಕೂರುವ ಜಾಗದ ತುಂಬ ಹಳದಿ ಮುದ್ದೆ ಗಟ್ಟಿಯಾಗಿ ಹತ್ತಿತ್ತು. ಮೂಸಿದ. ಅರಿಸಿನ; ಹುಳಿತ ತೆಂಗಿನಕಾಯಿ ನೀರು. ಅಮಾವಾಸ್ಯೆಗೊಮ್ಮೆ ಬೀರಲಿಂಗಪ್ಪ ಇಂಜಿನ್ನಿಗೆ ಬೀರಪ್ಪ ದೇವರ ಭಂಡಾರದ ಅರಿಸಿನ ತೂರಿ, ಕಾಯಿ ಒಡೆದು ನೀರು ಸುರಿಯುವುದನ್ನು ಅವನೂ ಕಂಡಿದ್ದ.

'ನಿಮ್ಮ ಪೂಜಿನೇ ಇದನ್ನ ಕೊಂದೈತಿ' ಎಂಬ ಮಾತು ನಾಲಿಗೆಗೆ ಬಂತು. ರಸ್ತೆಯಾಚೆ ನೋಡಿದ. ಮುಸಲ್ಮಾನನಾದ ತನ್ನ ಬಾಯಿಂದ ಹೊರಟ ಆ ಮಾತು ಅಲ್ಲಿಗೆ ಮುಟ್ಟುವಷ್ಟರಲ್ಲಿ ದೇವರನ್ನೇ ಬೈದ ಮಾತಾಗುತ್ತದೆ. ನುಂಗಿಕೊಂಡ. ನುಂಗಬೇಕಾಯಿತಲ್ಲ ಎಂದು ಸಿಟ್ಟು ಇನ್ನೂ ಏರಿತು.

"ನಾ ಏನೂ ಹೇಳೂದಿಲ್ಲ. ನೀವ ಕೈ ಹಾಕಿ ನೋಡ್ರಿ."

ಬೀರಲಿಂಗಪ್ಪ ಬಗ್ಗಿ ಬೆರಳು ತೂರಿಸಿ ಕೆರೆದ. ಬೆಳಕಿಗೆ ಹಿಡಿದ. ದನಿ ತಗ್ಗಿಸಿದ.

"ಭಂಡಾರ ಐತಲ್ಲೋ ಇದು..."

"ನಾ ಅಂದಿಲ್ಲ ಮತ್ತ. ಅಂದಾವ್ರು ನೀವು."

"ತಪ್ಪಾತೋ ತಮ್ಮಾ."

"ನನ್ನ ಕಿವ್ಯಾಗ ಯಾಕ ಹೇಳತೀರಿ? ಕಳ್ಳ ಅಂದಿದ್ದು ಆ ಮಂದಿಗೆ ಕೇಳೇತಿ. ಅಷ್ಟ ದೊಡ್ಡ ದನೀಲೆ ಅವರಿಗೆ ಹೇಳ್ರಿ!"

ಚಹಾದಂಗಡಿಯಿಂದ ಯಾರೋ ಕೂಗಿದರು: "ಏನ್ ಕಾಕಾ, ಸಿಕ್ತೇನು ಡೂಪ್ಲಿಕೇಟ್?"

ಬೀರಲಿಂಗಪ್ಪ ಅತ್ತ ತಿರುಗಿದ. ಮತ್ತೆ ತನ್ನ ಬೆರಳನ್ನೇ ನೋಡಿದ. ಬಂದೇನವಾಜ ಎಣ್ಣೆಬಟ್ಟೆಯನ್ನು ಅವನ ಮುಂದೆ ಎಸೆದ. ಅವನು ಅದನ್ನು ಮುಟ್ಟಲಿಲ್ಲ. ದೇವರ ಭಂಡಾರ ಹತ್ತಿದ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ, ತಗಡಿನಿಂದ ಇಳಿಯುವ ಹನಿ ಅದರ ಮೇಲೆ ಬೀಳದಂತೆ ಇನ್ನೊಂದು ಕೈ ಮರೆ ಮಾಡಿಕೊಂಡು ನಿಂತ.