ಮೇಜಿನ ಅಳತೆ

ನ್ಯೂಯಾರ್ಕಿನಲ್ಲಿ ಹಿಮ ಬೀಳುತ್ತಿದ್ದ ಒಂದು ಸಂಜೆ, ರಾತ್ರಿ ಪ್ರಸಾರವಾಗುವ ತನ್ನ ನಗೆ ಕಾರ್ಯಕ್ರಮದ ಚಿತ್ರೀಕರಣಕ್ಕೆ ಮಾರ್ವಿನ್ ಅಳುಕುತ್ತಲೇ ಬಂದು ಕೂತ. ಎದೆಯ ಆಪರೇಷನ್ ಆದಮೇಲೆ ಇದೇ ಮೊದಲು. ಎದುರು ಚಾನೆಲ್ಲಿನಲ್ಲಿ ಇಂಥದೇ ಕಾರ್ಯಕ್ರಮ ನಡೆಸುತ್ತಾ ವರ್ಷಗಟ್ಟಲೆ ಅವನ ಕಾಲೆಳೆದಿದ್ದ ಲಾನಿ, ಈಚೆಗೆ ಅವನನ್ನು ಹೊಗಳತೊಡಗಿದ್ದ. ಸತ್ತವರನ್ನಷ್ಟೇ ಹಾಗೆ ಹೊಗಳುವುದು, ತನ್ನ ಕಾಲ ಮುಗಿಯಿತೇನೋ ಎಂದು ಮಾರ್ವಿನ್‌ಗೆ ದಿಗಿಲು.

ಅವನು ಬಾಯಿ ತೆರೆಯುವಷ್ಟರಲ್ಲಿ ಲಾನಿಯೇ ವೇದಿಕೆಗೆ ಬಂದು, ಟೇಪು ಬಿಚ್ಚಿ ಅವನ ಮೇಜನ್ನು ಅಳೆಯತೊಡಗಿದ.

"ಏನೋ ಇದು?"

"ನೀನು ಹೋಗ್ತೀಯ ಅಂತ ನನ್ನ ಸ್ಟುಡಿಯೋದಲ್ಲಿ ಇದಕ್ಕೆ ಜಾಗ ಮಾಡಿದ್ದೆ ಮಾರಾಯ. ಬದುಕಿ ಬಂದು ಎಲ್ಲಾ ಕೆಡಿಸಿಬಿಟ್ಟೆ."

"ನಿನ್ನ ಜೋಕು ಕೇಳಿಯೇ ಸಾಯದವನು, ಒಂದು ಆಪರೇಷನ್ನಿಗೆ ಸಾಯ್ತೀನಾ?"

ಜನ ಬಿದ್ದು ಬಿದ್ದು ನಕ್ಕರು. ಲಾನಿ ಮತ್ತೆ ಕಾಲೆಳೆದದ್ದಕ್ಕೆ ಮಾರ್ವಿನ್‌ನ ಎದೆ ಹಗುರಾಯಿತು. ಪರದೆಯ ಹಿಂದೆ ಮಾತ್ರೆ ಹಿಡಿದು ಕಾಯುತ್ತಿದ್ದ ನರ್ಸ್ ಗ್ಲೆಂಡಾ, ಇನ್ನು ಇಲ್ಲಿ ತನಗೆ ಕೆಲಸವಿಲ್ಲವೆಂದು ಆ ಸಂಜೆಯೇ ಚೀಲ ಹೆಗಲಿಗೇರಿಸಿ ಹೊರಟಳು.