ಹುಲ್ಲಿನ ಮೇಲೆ ಎಳೆದ ದುಪ್ಪಟಿ

"ಲೇ ಜೆಸುಯೀನೊ, ಕಿವಿ ಸತ್ತೋಗ್ಯಾವೇನೋ ಮುದಿ ಗೊಡ್ಡೇ? ಆಗ್ಲಿಂದ ಕೂಗ್ತಾ ಇದೀನಿ. ಕುಡ್ಲು ಕೆಳಗಿಡು. ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಿನ್ ಮಗಳು ಹೋದ್ಲಂತೆ."

ಮೇಸ್ತ್ರಿ ಗೆಡೆಸ್ ಕುದುರೆಯಿಂದ ಇಳಿಯಲಿಲ್ಲ. ಕೆರೆಯ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಜೆಸುಯೀನೊ ಎದ್ದು ನಿಂತ. ಕೈಯಲ್ಲಿದ್ದ ಹುಲ್ಲಿನ ಹಿಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೊತ್ತಿಕೊಂಡ.

"ಡೆಂಗಿ. ಯಾರು ಕೇಳಿದ್ರೂ ಡೆಂಗಿ," ಎಂದ ಗೆಡೆಸ್. "ಉಣುಗು ಗಿಣುಗು ಅಂತ ಬಾಯಿ ಬಿಟ್ಯೋ, ಕಪಿವಾರಗಳಿಗೆ ಗುಂಡು ಹೊಡ್ದೋನು ನೀನು, ಧಣಿಯಲ್ಲ. ಕಾಡುಪ್ರಾಣಿ ಕೊಂದೋನು ಕಂಬಿ ಎಣಿಸ್ಬೇಕು. ತಿಳೀತೇನೋ ಬೋಳಿಮಗನೆ?"

"ತಿಳೀತು ಮೇಸ್ತ್ರಿಗಳೇ."

ಮಗಳ ಸಾವಿನ ಸುದ್ದಿಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಧಣಿ ಒತಾವಿಯೊ ಕಬ್ಬಿನ ಹೊಲಗಳ ನಡುವೆ ಕೆರೆ ತೋಡಿಸಿ, ಸುತ್ತ ಹುಲ್ಲು ಬೆಳೆಸಿ, ಪಟ್ಟಣದವರ ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ. ಪಿರಸಿಕಾಬಾ ಹೊಳೆಯ ಕಪಿವಾರಗಳು ಅಲ್ಲಿಗೂ ಬಂದವು. ಹಂದಿಯಷ್ಟು ದಪ್ಪದ ಸಾಧು ಪ್ರಾಣಿಗಳು. ಹುಲ್ಲು ಮೇಯ್ದು ಅಲ್ಲೇ ಹಿಕ್ಕೆ ಹಾಕುತ್ತಿದ್ದವು. ಮದುಮಗಳೊಬ್ಬಳ ಬಿಳಿ ಉಡುಪಿಗೆ ಹಿಕ್ಕೆ ಮೆತ್ತಿದ ಮರುದಿನವೇ ಗೆಡೆಸ್ ಬಂದೂಕು ತಂದು ಜೆಸುಯೀನೊನ ಕೈಗಿತ್ತ.

ಜೆಸುಯೀನೊ ಹಿಂಜರಿದಿದ್ದ. ಎರಡು ವರ್ಷದ ಹಿಂದೆ ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಕೋಲಿಗೆ ಬಿಳಿ ಬಟ್ಟೆ ಕಟ್ಟಿ ಅದೇ ಹುಲ್ಲಿನ ಮೇಲೆ ಎಳೆದಾಗ ಜೊತೆಗೆ ನಡೆದವನು ಅವನು. ಎಳ್ಳು ಚೆಲ್ಲಿದ ಹಾಗೆ ರಕ್ತ ಹೀರುವ ಉಣುಗುಗಳು ಬಟ್ಟೆಗೆ ಹತ್ತಿದ್ದವು. "ಪ್ರಾಣಿ ಕೊಂದ್ರೆ ಇವು ಸಾಯಲ್ಲ ತಾತ," ಎಂದಿದ್ದಳು ಅವಳು. "ಹೊಟ್ಟೆಗಿಲ್ದೆ ಹುಲ್ಲಿನ ತುದೀಲಿ ಕಾಯ್ತಾ ಕೂರ್ತವೆ. ಉಸಿರಾಡೋರು ಯಾರು ಬಂದ್ರೂ ಸರಿ, ಹತ್ತಿಬಿಡ್ತವೆ."

ಅದನ್ನೇ ಗೆಡೆಸ್‌ಗೆ ಹೇಳಿದ.

"ಓಹೋ! ಉಣುಗಿಗಿರೋ ಬುದ್ಧಿ ನಿಂಗಿಲ್ವಲ್ಲೋ. ನೀನು ಮಲಗೋ ಮನೆ ಯಾರದ್ದು, ಹೇಳು?"

ಮನೆ ಧಣಿಯದು. ಒಂದೇ ಬೆಳಗಿನಲ್ಲಿ ಹತ್ತೊಂಬತ್ತು ಬಿದ್ದವು. ಮರಿಗಳು ತಾಯಂದಿರ ಹೆಣದ ಪಕ್ಕ ನಿಂತು ಸಿಳ್ಳೆಯಂತೆ ಕೂಗುತ್ತಿದ್ದವು. ಆ ಹತ್ತೊಂಬತ್ತರಲ್ಲಿ ಅವೂ ಸೇರಿದವು.

ಅವನ ಮಗಳು ದಾಲ್ವಾ ಮದುವೆಗಳಿಗೆ ಅದೇ ಹುಲ್ಲಿನಲ್ಲಿ ಮೇಜು ಜೋಡಿಸಿ ಎಂಜಲು ಬಳಿಯುತ್ತಿದ್ದಳು. ಸಂಜೆ ಮನೆಗೆ ಬಂದು ಕಾಲಿಗೆ ಅಂಟುಪಟ್ಟಿ ಒತ್ತಿ ಕೀಳುವಳು. ಗಸಗಸೆಯಂಥ ಉಣುಗುಗಳು ಸಾಲಾಗಿ ಅಂಟಿಕೊಂಡು ಬರುತ್ತಿದ್ದವು. "ಅವುಗಳ ಕೂಳು ಕಿತ್ಕೊಂಡೆ ನೀನು. ಈಗ ನನ್ನ ಕಾಲೇ ಅವಕ್ಕೆ ಮದ್ವೆ ಊಟ ಕಣಪ್ಪಾ," ಎಂದು ನಗುತ್ತಿದ್ದಳು.

ಜ್ವರ ಬಂದ ಎರಡನೆಯ ದಿನ ಆಸ್ಪತ್ರೆಯ ಎಳೆಯ ಡಾಕ್ಟರು ಕೇಳಿದ್ದರು: "ಉಣುಗು ಏನಾದ್ರೂ ಕಚ್ಚಿತ್ತಾ? ಕಪಿವಾರ ಇರೋ ಕಡೆ ಓಡಾಡಿದ್ಲಾ?"

ದಾಲ್ವಾ ಅಪ್ಪನ ಮುಖ ನೋಡಿದಳು. ಜೆಸುಯೀನೊನ ಕಣ್ಣಿಗೆ ಜೈಲು ಕಂಡಿತು, ಬೀದಿಗೆ ಬಿದ್ದ ಪಾತ್ರೆಪಗಡ ಕಂಡಿತು. "ಇಲ್ಲ ಸ್ವಾಮಿ," ಎಂದ. ಅವಳು ತಲೆ ತಗ್ಗಿಸಿದಳು. ಡಾಕ್ಟರು ಡೆಂಗಿ ಎಂದು ಬರೆದು, ಚೆನ್ನಾಗಿ ನೀರು ಕುಡಿಸಿ ಎಂದು ಕಳಿಸಿದರು.

ನಾಲ್ಕನೆಯ ದಿನ ಅಂಗೈ ಅಂಗಾಲಿನಲ್ಲೆಲ್ಲ ಕೆಂಪು ಚುಕ್ಕೆಗಳೆದ್ದವು. ಮತ್ತೆ ಹೊತ್ತೊಯ್ದಾಗ ಅದೇ ಡಾಕ್ಟರು ಗೋಡೆ ನೋಡುತ್ತ ಅಂದರು: "ಉಣುಗಿನ ಜ್ವರ ಆಗಿದ್ರೆ ಆವತ್ತೇ ಮಾತ್ರೆ ಕೊಡ್ಬೋದಿತ್ತು. ನೀನೇ ಇಲ್ಲ ಅಂದ್ಯಲ್ಲಯ್ಯ."

ಆಗಲೂ ಅವನು ಬಾಯಿ ಬಿಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹೆಂಡತಿ ಇರಾಸೆಮಾ ಎದೆ ಬಡಿದುಕೊಂಡಳು. "ಉಣುಗು ಕಚ್ಚಿತ್ತಾ ಅಂತ ಡಾಕ್ಟ್ರು ಒಂದ್ಮಾತು ಕೇಳ್ಬಾರ್ದಾಗಿತ್ತಾ? ಓದಿದೋರಂತೆ ಓದಿದೋರು, ಅವರ ಓದಿಗೆ ಬೆಂಕಿ ಬೀಳ!"

"ಕೇಳ್ಲಿಲ್ಲ," ಎಂದ ಜೆಸುಯೀನೊ. ಆ ವಾರವೆಲ್ಲ ಜಪಸರ ಹಿಡಿದರೆ ಮೊದಲ ಮಣಿ ದಾಟಲಾಗಲಿಲ್ಲ.

ಸತ್ತವಳ ಆತ್ಮಕ್ಕಾಗಿ ಏಳನೆಯ ದಿನದ ಬಲಿಪೂಜೆಯನ್ನು ಧಣಿಯೇ ತನ್ನ ತೋಟದ ಗುಡಿಯಲ್ಲಿ ಇಡಿಸಿದ. ಮರುದಿನ ದೇವಮಾತೆಯ ಹಬ್ಬ. ಆಳುಗಳ ಮಕ್ಕಳಿಗೆಲ್ಲ ಕೆರೆಯ ಹುಲ್ಲಿನ ಮೇಲೆ ಊಟವೆಂದು ಸಾರಿಸಿದ್ದ. ಪೂಜೆಯ ದಿನ ಬೆಳಗ್ಗೆ ಜೆಸುಯೀನೊ ದಾಲ್ವಾಳ ಹಾಸಿಗೆಯ ಬಿಳಿ ದುಪ್ಪಟಿಯನ್ನು ಎತ್ತಿಕೊಂಡ.

"ಅವಳ ದುಪ್ಪಟಿ ಎಲ್ಲಿಗೆ ತಗೊಂಡು ಹೊಂಟೆ?" ಎಂದಳು ಇರಾಸೆಮಾ.

"ಪೂಜೆಗೆ."

ಗುಡಿ ತುಂಬಿತ್ತು. ಮುಂದಿನ ಬೆಂಚಿನಲ್ಲಿ ಧಣಿ, ಅವನ ಹಿಂದೆ ಗೆಡೆಸ್. ಪಾದ್ರಿಗಳು ಹೇಳಿದರು: "ದೇವರು ತನಗೆ ಬೇಕಾದ ಹೂವನ್ನು ಕಿತ್ತುಕೊಂಡ. ಡೆಂಗಿ ಒಂದು ನೆಪ. ಶವಪೆಟ್ಟಿಗೆ ಕೊಡಿಸಿದ ಧಣಿಗಳಿಗೆ ಜೆಸುಯೀನೊ ಒಂದು ಒಳ್ಳೆಯ ಮಾತು ಹೇಳಲಿ."

ಜೆಸುಯೀನೊ ಎದ್ದು ಬಂದು, ಸುತ್ತಿದ್ದ ದುಪ್ಪಟಿಯನ್ನು ಬಿಚ್ಚಿ ಧಣಿಯ ತೊಡೆಯ ಮೇಲೆ ಹರಡಿದ.

"ನನ್ ಮಗಳು ಹೊದೀತಿದ್ದ ದುಪ್ಪಟಿ ಧಣಿ. ನಾಳೆ ನಮ್ ಮಕ್ಕಳು ಕೂತು ಉಣ್ಣೋ ಹುಲ್ಲಿನ ಮೇಲೆ ಈಗ್ತಾನೆ ಎಳ್ಕೊಂಡು ಬಂದೆ. ನೋಡಿ."

ಮೊದಲು ಮಣ್ಣಿನ ಕಲೆಯಂತೆ ಕಂಡಿತು. ಆಮೇಲೆ ಕಲೆ ಸರಿಯತೊಡಗಿತು. ನೂರಾರು ಕಪ್ಪು ಚುಕ್ಕೆಗಳು, ಅವಸರವಿಲ್ಲದೆ, ಧಣಿಯ ಉಸಿರಿನ ಕಡೆಗೆ ಹತ್ತತೊಡಗಿದವು. ಧಣಿ ಕಿರುಚಿ ಎದ್ದ. ತಾಯಂದಿರು ಮಕ್ಕಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡರು.

"ಎಳೆದು ಹಾಕ್ರೋ ಈ ಸೂಳೆಮಗನ್ನ! ಪೊಲೀಸ್ರಿಗೆ ಹೇಳ್ರೋ!" ಎಂದು ಗೆಡೆಸ್ ಕೂಗಿದ. ಯಾರೂ ಮುಟ್ಟಲಿಲ್ಲ. ಅವನೂ ಮುಟ್ಟಲಿಲ್ಲ.

"ಹೇಳಿ ಮೇಸ್ತ್ರಿಗಳೇ. ನಾನೇ ಬರ್ತೀನಿ. ಹತ್ತೊಂಬತ್ತು ಕೊಂದೆ, ಇಪ್ಪತ್ತನೇದು ನನ್ ಮಗಳು." ಅವನು ಹೆಂಡತಿಯ ಕಡೆ ತಿರುಗಿದ. "ಡಾಕ್ಟ್ರು ಕೇಳಿದ್ರು ಕಣೇ. ಬಾಯ್ತುಂಬ ಕೇಳಿದ್ರು. ನಾನು ಇಲ್ಲ ಅಂದೆ."

ಇರಾಸೆಮಾ ಅವನ ಮುಖವನ್ನೇ ನೋಡಿದಳು. ಎದ್ದು, ಅವನ ಪಕ್ಕದಿಂದಲೇ ಹಾದು, ಬಾಗಿಲು ದಾಟಿ ಹೊರಗೆ ಹೋದಳು.

ನೆಲದ ಮೇಲೆ ಬಿದ್ದಿದ್ದ ದುಪ್ಪಟಿಯ ಅಂಚಿನಲ್ಲಿ ಜೆಸುಯೀನೊ ಮೊಣಕಾಲೂರಿದ. ಒಂದು ಚುಕ್ಕೆ ಅವನ ಮುಂಗೈ ಹತ್ತಿತು. ಅವನು ಕೊಡವಲಿಲ್ಲ, ಕೈ ಮುಗಿದ.

"ಕರ್ತನೇ, ನನಗಾಗಿ ಏನೂ ಕೇಳಲ್ಲ. ಕೇಳೋ ಬಾಯಿ ಉಳಿಸ್ಕೊಂಡಿಲ್ಲ. ನನ್ನ ದಾಲ್ವಾನ ನಿನ್ನ ಬೆಳಕಲ್ಲಿ ಮಲಗಿಸ್ಕೋ. ನೋವಿಲ್ಲದ, ಜ್ವರವಿಲ್ಲದ ನಿದ್ದೆ ಕೊಡು. ಆ ಮಗುವಿಗೆ ಶಾಂತಿ ಕೊಡು, ತಂದೇ."