ಗುಲಾಬಿ ಬಳೆಯ ವಿಮಾನ

ಮಾವನಿಗೆ ವಿಮಾನವೆಂದರೆ ಪ್ರಾಣ. ಇಪ್ಪತ್ತಾರು ವರ್ಷ ಜೆಟ್ ವಿಮಾನಗಳ ಹೊಟ್ಟೆಯೊಳಗೆ ತಲೆ ತೂರಿಸಿ ದುಡಿದ ಮೆಕ್ಯಾನಿಕ್ಕು. ನಿವೃತ್ತರಾದ ಮೇಲೆ ಎಂಟು ತಿಂಗಳು ಈ ಕಿಟಕಿಯಿಂದ ಆ ಕಿಟಕಿಗೆ ಓಡಾಡಿ ಅತ್ತೆಯ ತಲೆ ತಿಂದರು. ಕೊನೆಗೆ ಸೊಸೆಯೇ ಉಪಾಯ ಮಾಡಿ, ಅವರು ನೋಡಿಕೊಳ್ಳುತ್ತಿದ್ದ ವಿಮಾನದ್ದೇ ಒಂದು ಪುಟ್ಟ ಮಾದರಿಯ ಕಿಟ್ ತರಿಸಿಕೊಟ್ಟಳು. ಪೆಟ್ಟಿಗೆ ಬಿಚ್ಚಿದವರು ಮುಖ ಸಿಂಡರಿಸಿ, "ಇದು ಒಂಟಿ ಸೀಟಿಂದು. ನಮ್ದು ಎರಡು ಸೀಟಿಂದು ಕಣಮ್ಮ, ಹಾರೋದು ಕಲಿಸೋ ವಿಮಾನ" ಅಂದರು. ಎರಡು ಸೀಟಿನದು ಬೇಕೆನ್ನುವ ಹಟಮಾರಿಗಳಿಗೆಂದೇ ಅಚ್ಚಿನಲ್ಲಿ ಹುಯ್ದ ಗಟ್ಟಿ ರೆಸಿನ್ನಿನ ಬೇರೆ ಕಿಟ್ ಬರುತ್ತದಂತೆ: ಪ್ಲಾಸ್ಟಿಕ್ ವಿಮಾನದ ಮೂತಿ ಕತ್ತರಿಸಿ ತೆಗೆದು, ಆ ಜಾಗಕ್ಕೆ ರೆಸಿನ್ನಿನ ಉದ್ದ ಮೂತಿ ಅಂಟಿಸಬೇಕು; ಬಾಲಕ್ಕೂ ಹಾಗೇ. ಸರಿ, ಅದನ್ನೂ ಹುಡುಕಿ ತರಿಸಿದ್ದಾಯಿತು.

ರೆಸಿನ್ ಸೊಸೆಗೇನೂ ಹೊಸದಲ್ಲ. ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊರಿನ ಅರ್ಧ ಮುದುಕರು ಬಾಯ್ತುಂಬ ನಗುವುದು ಅವಳ ಕೈಗುಣದಿಂದ. "ಈ ಪುಡಿ ಎದೆಗೆ ಒಳ್ಳೇದಲ್ಲ ಮಾವ, ನೀರು ಹಚ್ಚಿ ಉಜ್ಜಿ" ಎಂದು ಹೇಳಿಕೊಟ್ಟವಳೂ ಅವಳೇ. ಸಂಜೆ ಇಬ್ಬರೂ ಮಾಸ್ಕ್ ಕಟ್ಟಿ ಮೇಜಿಗೆ ಎದುರುಬದುರು ಕೂತರೆ ಅತ್ತೆ ಬಾಗಿಲಲ್ಲಿ ನಿಂತು, "ಆಪರೇಷನ್ ಎಷ್ಟೊತ್ತಿಗೆ ಮುಗಿಯುತ್ತೆ ಡಾಕ್ಟ್ರೇ? ಊಟ ಆರ್ತಾ ಇದೆ" ಎನ್ನುವರು.

ಮೂತಿ ಕತ್ತರಿಸುವ ದಿನ ಮಾತ್ರ ಮಾವ ಯಾರನ್ನೂ ಕಾಯಲಿಲ್ಲ. ಸೊಸೆ ಕೆಲಸಕ್ಕೆ ಹೋಗಿದ್ದಾಗ ಒಬ್ಬರೇ ಗರಗಸ ಹಿಡಿದರು. ಸೂಚನೆಯ ಹಾಳೆ ಪಕ್ಕದಲ್ಲೇ ಇತ್ತು, ತಿರುಗಿಯೂ ನೋಡಲಿಲ್ಲ. ನೋಡುವುದೇನು ಮಣ್ಣು! ನಿಜವಾದ ವಿಮಾನದ ಮೂತಿಯನ್ನು ನೂರು ಸಲ ಬಿಚ್ಚಿ ಜೋಡಿಸಿದವರು. ಅದರ ಕೀಲು ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುತ್ತಾರೆ. ಅಲ್ಲೇ ಕತ್ತರಿಸಿದರು, ನೂಲು ಹಿಡಿದಂತೆ ನೇರವಾಗಿ. ಆಮೇಲೆ ಮೇಜಿನ ಮೇಲೆ ಒಂದು ಚೂರೂ ಉಳಿಸದೆ ಗುಡಿಸಿ, ಕತ್ತರಿಸಿದ ಮೂತಿಯ ಸಮೇತ ಕಸದ ಗಾಡಿಗೆ ಹಾಕಿ ಬಂದರು. ಇಂಜಿನ್ನಿನ ಹತ್ತಿರ ಚೂರುಪಾರು ಬಿಟ್ಟರೆ ಅನಾಹುತವೆಂದು ಮೈಗೂಡಿದ ಅಭ್ಯಾಸ.

ಸಂಜೆ ಸೊಸೆಯೆದುರು ರೆಸಿನ್ ಮೂತಿಯನ್ನು ಇಟ್ಟು ನೋಡಿದರೆ ನಡುವೆ ನಾಲ್ಕು ಮಿಲಿಮೀಟರ್ ಖಾಲಿ. ಕಿಟ್ ಮಾಡಿದವರು ಕತ್ತರಿಸಲು ಹೇಳಿದ್ದ ಗೆರೆ ನಿಜವಾದ ಕೀಲಿಗಿಂತ ಅಷ್ಟು ಮುಂದಿತ್ತು. ಕತ್ತರಿಸಿದ ಮೂತಿಯ ಚೂರಿನಿಂದ ತುಂಬಿಸೋಣವೆಂದರೆ ಅದು ಕಸದ ಗಾಡಿಯಲ್ಲಿ ಎಲ್ಲಿ ಹೋಯಿತೋ.

ಮಾವ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದರು. "ಎಸೆದುಬಿಡಮ್ಮ. ಇನ್ಮೇಲೆ ನನ್ನ ಕೈಗೆ ಏನೂ ಕೊಡ್ಬೇಡಿ."

"ನಾಲ್ಕೇ ಮಿಲಿಮೀಟರ್ ಮಾವ! ಆಕಾಶವೇ ತಲೆ ಮೇಲೆ ಬಿದ್ದವರ ಹಾಗೆ ಆಡ್ತೀರಲ್ಲ."

"ನಿಜವಾದ ವಿಮಾನ ಆಗಿದ್ರೆ? ಅದ್ರಲ್ಲಿ ಇಬ್ಬರು ಕೂತಿರ್ತಾರೆ."



ಮುನಿಸಾಗಿದ್ದರೆ ಎರಡು ದಿನಕ್ಕೆ ಇಳಿಯುತ್ತಿತ್ತು. ಇದು ಮುನಿಸಲ್ಲ. ಆ ವಾರ ಅಡುಗೆಮನೆಯ ನಲ್ಲಿ ಸೋರತೊಡಗಿತು. ಮಾವ ಫೋನ್ ಮಾಡಿ ರಿಪೇರಿಯವನನ್ನು ಕರೆಸಿದರು! ಅವನು ಕೆಲಸ ಮಾಡುವಾಗ ಟಾರ್ಚ್ ಹಿಡಿದು ನಿಂತರು. ಅದನ್ನು ಕಂಡ ಅತ್ತೆ, "ಜಗಳ ಆಡಿದ್ರೂ ಸಹಿಸ್ಕೋತೀನಿ ಕಣೇ. ಈ ಮನುಷ್ಯ ಹೀಗೆ ತೆಪ್ಪಗೆ ಕೂತ್ರೆ ನನಗೆ ಭಯ ಆಗುತ್ತೆ" ಎಂದು ಸೊಸೆಯ ಕೈ ಹಿಡಿದುಕೊಂಡರು. ಸೊಸೆಯೂ ಗಮನಿಸಿದ್ದಳು. ಅವಳು ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ಅವಳ ಸ್ಕೂಟರಿನ ಬ್ರೇಕು ಒತ್ತಿ ನೋಡಿಯೇ ಕಳಿಸುತ್ತಿದ್ದವರು ಈಗ ಬಾಗಿಲಿಗೂ ಬರುತ್ತಿಲ್ಲ. ತಮ್ಮ ಕೈಯನ್ನೇ ನಂಬದವರಿಗೆ ಬಾಯಿಮಾತಿನ ಸಮಾಧಾನ ಹೇಳಿ ಏನು ಬಂತು?

ಮರುದಿನ ಊಟದ ಡಬ್ಬಿಯ ಜೊತೆ ವಿಮಾನವೂ ಲ್ಯಾಬಿಗೆ ಹೋಯಿತು. ಅವಳು ತನಗೆ ಗೊತ್ತಿದ್ದನ್ನೇ ಮಾಡಿದಳು. ಖಾಲಿ ಜಾಗಕ್ಕೆ ಮೇಣ ತುಂಬಿ ಬಳೆಯಂತೆ ತಿದ್ದಿದಳು. ಅದನ್ನು ಬಿಡಿಸಿ ಪ್ಲಾಸ್ಟರಿನಲ್ಲಿ ಹುಗಿದಳು. ಮೇಣ ಕರಗಿಸಿ ತೆಗೆದು, ಅದರ ಜಾಗಕ್ಕೆ ಹಲ್ಲಿನ ಸೆಟ್ಟಿಗೆ ಹಾಕುವ ವಸಡಿನ ಬಣ್ಣದ ಹಿಟ್ಟು ಒತ್ತಿ ಬೇಯಿಸಿದಳು. ಹೊರಬಂದದ್ದು ಫಳಫಳ ಹೊಳೆಯುವ ಗುಲಾಬಿ ಬಳೆ.

ಸಂಜೆ ಅದನ್ನು ಮಾವ ಓದುತ್ತಿದ್ದ ಪೇಪರಿನ ಮೇಲೆ ಇಟ್ಟಳು.

"ಏನಮ್ಮ ಇದು?"

"ನಾಲ್ಕು ಮಿಲಿಮೀಟರ್."

ಮಾವ ಅದನ್ನೆತ್ತಿ ಬೆಳಕಿಗೆ ಹಿಡಿದರು. "ಅಯ್ಯಯ್ಯೋ, ನನ್ನ ಜೆಟ್ಟಿಗೆ ವಸಡು ಕಟ್ಟಿದ್ದೀಯಲ್ಲಮ್ಮ!" ಎಂದವರಿಗೆ ನಗು ತಡೆಯಲಾಗಲಿಲ್ಲ. ಅತ್ತೆ ಒಳಗಿನಿಂದಲೇ, "ನಾಲ್ಕು ಹಲ್ಲೂ ಇಡಬೇಕಿತ್ತು, ನಿಮ್ಮ ಥರ ಅದೂ ಕಚ್ಚೋದು" ಎಂದು ಕೂಗಿದರು. ನಗುತ್ತಲೇ ಮಾವನ ಹೆಬ್ಬೆರಳು ಬಳೆಯ ಅಂಚಿನಗುಂಟ ಸುತ್ತಿ ಒಂದು ಕಡೆ ನಿಂತಿತು.

"ಇಲ್ಲಿ ಕೂದಲೆಳೆಯಷ್ಟು ಜಾಸ್ತಿ ದಪ್ಪ ಇದೆ."

"ಇದೆ."

"ಗೊತ್ತಿದ್ದೂ ಬಿಟ್ಟೆಯಾ?"

"ಹಲ್ಲಿನ ಸೆಟ್ಟಾಗಿದ್ರೆ ನಾನೇ ಉಜ್ಜಿಬಿಡ್ತಿದ್ದೆ. ವಿಮಾನದ ಮೈ ನನಗೇನು ಗೊತ್ತು ಮಾವ?"

ಮಾವ ಅವಳ ಮುಖವನ್ನೇ ನೋಡಿದರು. ಅವಳ ಆಟ ತಿಳಿಯದಷ್ಟು ದಡ್ಡರೇನಲ್ಲ. ಆದರೂ ಎದ್ದುಹೋಗಿ ಬಟ್ಟಲಲ್ಲಿ ನೀರು, ಸ್ಯಾಂಡ್‌ಪೇಪರ್ ತಂದು ಕೂತರು. ಒಂದಿಷ್ಟು ಉಜ್ಜುವುದು, ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಮೂತಿ, ಬಳೆ, ಮೈ ಮೂರೂ ಕೂತಾಗ ಉಗುರಿಗೂ ಸಂದು ಸಿಗಲಿಲ್ಲ.

ಅಂಟು ಎತ್ತಿಕೊಂಡ ಸೊಸೆಯನ್ನು ಅವರು ತಡೆದರು. ಸಣ್ಣ ಮೊನೆಯ ಪೆನ್ನು ತಂದು ಬಳೆಯ ಒಳಮೈಯಲ್ಲಿ, ಅಂಟಿಸಿದ ಮೇಲೆ ಯಾರಿಗೂ ಕಾಣದ ಜಾಗದಲ್ಲಿ, ಉಸಿರು ಬಿಗಿಹಿಡಿದು ಬರೆದರು: 'ತಪ್ಪು ಕತ್ತರಿಸಿದವನು'. ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

"ನಮ್ಮ ಶೆಡ್ಡಲ್ಲಿ ಹೀಗೇ. ಕೆಲಸ ಮಾಡಿದವರು ಸಹಿ ಹಾಕದೆ ವಿಮಾನ ನೆಲ ಬಿಡಲ್ಲ. ಸಾವಿರಾರು ಸಹಿ ಹಾಕಿದ್ದೀನಿ, ತಪ್ಪಿಗೆ ಅಂತ ಹಾಕಿದ್ದು ಇದೇ ಮೊದಲು" ಎಂದು ಪೆನ್ನನ್ನು ಅವಳ ಕೈಗಿತ್ತರು. "ಸರಿ ಮಾಡಿದವಳು ನೀನು. ಹಾಕು."

ಸೊಸೆಗೆ ಕಣ್ಣು ತುಂಬಿ ಬಳೆಯೇ ಕಾಣಲಿಲ್ಲ. ಹೇಗೋ ಗೀಚಿದಳು. ಮಾವ ಅದನ್ನು ಊದಿ ಒಣಗಿಸಿ, ಅಂಟು ಹಚ್ಚಿ, ಮೂರನ್ನೂ ಒತ್ತಿ ಹಿಡಿದು ನೂರು ಎಣಿಸಿದರು. ಆಮೇಲೆ ಪೆಟ್ಟಿಗೆಯ ತಳದಿಂದ ರೆಸಿನ್ನಿನ ಬಾಲವನ್ನೂ, ಗರಗಸವನ್ನೂ ತೆಗೆದು ಮೇಜಿನ ಮೇಲಿಟ್ಟರು.

"ನಾಳೆ ಬಾಲ ಕತ್ತರಿಸ್ಬೇಕು. ಹಾಳೆ ಓದಿ ಗೆರೆ ನೀನು ಹಾಕು" ಎಂದರು. "ಕತ್ತರಿಸೋದು ನಾನೇ."